ಸಗರದ ಮನೆಗೆ ಕೊಟ್ಟ ಹುಡುಗಿ

ನಿವೃತ್ತಿಯಾದ ಮೇಲೆ ನನಗೆ ಮಧ್ಯಾಹ್ನದ ನಿದ್ದೆ ರೂಢಿಯಾಗಿದೆ. ಊಟ ಮುಗಿಸಿ ಕಿಟಕಿಯ ಹತ್ತಿರ ಚಾಪೆ ಹಾಸಿದರೆ ಸಾಕು, ಎದುರಿನ ಯಾದಗಿರಿ ಗುಡ್ಡದ ಬಂಡೆಗಳು ಬಿಸಿಲಲ್ಲಿ ಮೆಲ್ಲಗೆ ಅಲುಗಿದಂತಾಗಿ ಕಣ್ಣು ಮುಚ್ಚುತ್ತವೆ. ಪೂರ್ತಿ ನಿದ್ದೆಯೂ ಅಲ್ಲ, ಪೂರ್ತಿ ಎಚ್ಚರವೂ ಅಲ್ಲ. ಆ ಹೊತ್ತಿನಲ್ಲಿ ನಾನು ಮತ್ತೆ ಶಹಾಪುರದ ಬಸ್ಸಿನಲ್ಲಿರುತ್ತೇನೆ. ಭೀಮಾ ನದಿಯ ಸೇತುವೆ ಬರುತ್ತದೆ, ಹೋಗುತ್ತದೆ. ಪಕ್ಕದಲ್ಲಿ ಯಾವುದೋ ಮಗು ಕೂತಿರುತ್ತದೆ. ಹೆಸರು ಕೇಳಬೇಕೆನ್ನುವಷ್ಟರಲ್ಲಿ ಹಾಲಿನವನು ಬಾಗಿಲು ಬಡಿಯುತ್ತಾನೆ.

ಮಕ್ಕಳ ರಕ್ಷಣಾ ಘಟಕಕ್ಕೆ ಹೊಸದಾಗಿ ಸೇರಿದವರು ಆಗಾಗ ನನ್ನ ಮನೆಗೆ ಬಂದು, ‘ಅಕ್ಕೋರ, ನಿಮ್ಮ ಕಾಲದಾಗ ಕೆಲಸ ಹೆಂಗಿತ್ರಿ?’ ಎಂದು ಕೇಳುತ್ತಾರೆ. ಚಹಾ ಕುಡಿಯುವಷ್ಟರಲ್ಲಿ ಹೇಳಿ ಮುಗಿಸುವ ಮಾತಲ್ಲ ಅದು. ಅದಕ್ಕೇ ಬರೆಯಲು ಕೂತೆ. ನನಗೆ ಯಾವಾಗ ಬಡ್ತಿ ಬಂತು, ಯಾವ ಊರಿಗೆ ವರ್ಗವಾಯಿತು ಎಂಬುದರಿಂದ ನಿಮಗೆ ಮೂರು ಕಾಸಿನ ಪ್ರಯೋಜನವಿಲ್ಲ. ಅದನ್ನು ಬಿಡುತ್ತೇನೆ.

ಮೊದಲು ಮಾರ್ಗಸೂಚಿಯ ಮಾತು. ನಾನು ಅಂಗನವಾಡಿ ಮೇಲ್ವಿಚಾರಕಿಯಾಗಿದ್ದವಳು. ಘಟಕಕ್ಕೆ ಬಂದ ಹೊಸತರಲ್ಲೇ ಬೆಂಗಳೂರಿನಿಂದ ಪೋಷಕತ್ವದ ಮಾರ್ಗಸೂಚಿ ಎಂಬ ದಪ್ಪ ಪುಸ್ತಕ ಬಂತು. ಹೆತ್ತವರು ಸದ್ಯಕ್ಕೆ ನೋಡಿಕೊಳ್ಳಲಾಗದ ಮಗುವನ್ನು ಬಾಲಮಂದಿರದಲ್ಲೇ ಇಡದೆ, ಒಂದು ಮನೆಗೆ ಒಪ್ಪಿಸಿ ಬೆಳೆಸುವುದು, ಹೆತ್ತವರು ಸುಧಾರಿಸಿಕೊಂಡ ಮೇಲೆ ಅವರಿಗೇ ಮರಳಿಸುವುದು. ಇದು ಪೋಷಕತ್ವ. ಇಷ್ಟನ್ನು ಹೇಳಲು ಆ ಪುಸ್ತಕಕ್ಕೆ ಪುಟಗಟ್ಟಲೆ ಬೇಕಾಗಿತ್ತು. ಅದನ್ನು ಕನ್ನಡಕ್ಕೆ ಇಳಿಸಿದವರು ಯಾರೋ, ಅವರ ಮನೆಯಲ್ಲೂ ಆ ಕನ್ನಡ ಆಡುತ್ತಿರಲಿಕ್ಕಿಲ್ಲ. ನಮ್ಮ ಸಾಹೇಬರು ಮೈಸೂರು ಕಡೆಯವರು, ಒಳ್ಳೆಯ ಮನುಷ್ಯ. ಸಂಜೆ ಎಲ್ಲರನ್ನೂ ಕೂಡಿಸಿ ಪುರಾಣ ಓದಿದ ಹಾಗೆ ಓದಿ ಹೇಳುತ್ತಿದ್ದರು. ನಾವು ಅಲ್ಲಲ್ಲೇ ತೂಕಡಿಸುತ್ತಿದ್ದೆವು.

ಹಾಗಂತ ಪುಸ್ತಕವನ್ನು ಹಳಿಯಬೇಡಿ. ಅದು ನನ್ನನ್ನು ಕಾಪಾಡಿದ್ದೂ ಉಂಟು. ಮೊಟ್ಟಮೊದಲು ಅರ್ಜಿ ಹಾಕಿದವರು ಶಹಾಪುರದ ಒಬ್ಬ ಹತ್ತಿ ವ್ಯಾಪಾರಿ. ಮಹಡಿ ಮನೆ, ಹೊಳೆಯುವ ಹಾಸುಗಲ್ಲು, ಬಾದಾಮಿ ಹಾಲಿನ ಸತ್ಕಾರ. ಸಾಹೇಬರು ಮನಸ್ಸಿನಲ್ಲೇ ಮಗುವನ್ನು ಕೊಟ್ಟುಬಿಟ್ಟಿದ್ದರು. ಅಷ್ಟರಲ್ಲಿ ಯಜಮಾನರು, ‘ಜರಾ ದೊಡ್ಡ ಹುಡುಗಿ ಇದ್ರ ಛಲೋ ನೋಡ್ರಿ’ ಎಂದರು. ಒಳಗಿನಿಂದ ಅವರ ಹೆಂಡತಿ, ‘ರೊಟ್ಟಿ ಬಡಿಯಾಕ ಬರ್ತದೇನ್ರಿ ಆಕಿಗೆ?’ ಎಂದು ಕೇಳಿದರು. ಸಾಹೇಬರ ಲೋಟ ಅಲ್ಲಿಗೇ ನಿಂತಿತು. ಮಗುವನ್ನು ಮನೆಗೆಲಸಕ್ಕೆ ಬಯಸುವವರಿಗೆ ಕೊಡಕೂಡದು ಎಂದು ಪುಸ್ತಕದಲ್ಲಿ ನೇರವಾಗಿಯೇ ಇತ್ತು. ಆಮೇಲೆ ಮೇಲಿನಿಂದ ಫೋನುಗಳು ಬಂದವು. ಸಾಹೇಬರು ಬೆವರಿದರು, ಆದರೆ ಬಗ್ಗಲಿಲ್ಲ. ಅಂಥ ಮೇಲಧಿಕಾರಿ ಸಿಕ್ಕರೆ ಅವರ ಮಾತು ಸ್ವಲ್ಪ ಉದ್ದವಾದರೂ ಸಹಿಸಿಕೊಳ್ಳಿ.

ಎಲ್ಲ ನಿಯಮಕ್ಕೂ ಸರಿಹೊಂದಿದ ಮನೆಯೇ ಕೈಕೊಟ್ಟದ್ದೂ ಇದೆ. ಸುರಪುರದಲ್ಲಿ ಓದಿದ ದಂಪತಿ, ಮಗುವಿಗೊಂದು ಕೋಣೆ, ಕಪಾಟಿನ ತುಂಬ ಆಟಿಕೆ. ಅಲ್ಲಿಗೆ ಕೊಟ್ಟ ಹುಡುಗ ವಾರ ತುಂಬುವುದರೊಳಗೆ ಬಾಲಮಂದಿರದ ಗೇಟಿಗೆ ಬಂದು ನಿಂತಿದ್ದ. ಯಾಕಪ್ಪ ಎಂದರೆ, ‘ಆ ಮನ್ಯಾಗ ಗಡಿಯಾರ ಬಿಟ್ರ ಯಾರೂ ಸಪ್ಪಳಾನೇ ಮಾಡೂದಿಲ್ರಿ’ ಎಂದ. ಮನೆಯ ತನಿಖೆ ಮಾಡುವಾಗ ಗೋಡೆ, ನಳ, ಪಾಯಖಾನೆ ನೋಡಿದರೆ ಮುಗಿಯುವುದಿಲ್ಲ, ಕಿವಿಗೊಟ್ಟು ಕೂರಬೇಕು ಎಂದು ನನಗೆ ತಿಳಿದದ್ದು ಅವನಿಂದ. ನಿಮಗೀಗ ಫೋನಿನಲ್ಲೇ ಎಲ್ಲ ತುಂಬುವ ಅನುಕೂಲವಿದೆ, ಒಬ್ಬಂಟಿಗರಿಗೂ ಮಗುವನ್ನು ಕೊಡುವ ಅವಕಾಶ ಬಂದಿದೆ. ಸಂತೋಷ. ಆದರೆ ಹೊಸ್ತಿಲ ಹೊರಗೆ ನಿಂತು ಫೋಟೊ ತೆಗೆದು ತಿರುಗಿ ಬರಬೇಡಿ. ಚಹಾ ಕುಡಿಯಿರಿ, ಎರಡನೆಯ ಸಲ ಕೊಟ್ಟರೂ ಕುಡಿಯಿರಿ.

ಈಗ ಅಯ್ಯಮ್ಮನ ವಿಷಯಕ್ಕೆ ಬರುತ್ತೇನೆ. ಮಧ್ಯಾಹ್ನದ ಬಸ್ಸಿನಲ್ಲಿ ನನ್ನ ಪಕ್ಕಕ್ಕೆ ಕೂರುವ ಮಗು ಬಹಳ ಸಲ ಅವಳೇ ಇರಬೇಕು.

ಅಯ್ಯಮ್ಮ ವನದುರ್ಗದ ಹುಡುಗಿ. ಒಂದನೆಯ ತರಗತಿಗೆ ಹೋಗುವ ವಯಸ್ಸು. ತಂದೆ ತೀರಿಕೊಂಡಿದ್ದ. ತಾಯಿ ಹಣಮಂತಿಗೆ ಕ್ಷಯ, ಅದೂ ಸಾಮಾನ್ಯ ಔಷಧಿಗೆ ಬಗ್ಗದ ಜಾತಿಯದು. ಅವಳನ್ನು ದೂರದ ದವಾಖಾನೆಗೆ ಸೇರಿಸಿದ ಮೇಲೆ ಮಗುವಿಗೆ ದಿಕ್ಕಿರಲಿಲ್ಲ. ಹಣಮಂತಿಗೆ ತವರಿನ ಕಡೆಯೂ ಯಾರೂ ಉಳಿದಿರಲಿಲ್ಲ. ಮಗುವಿಗೆ ರೋಗ ತಗುಲಿಲ್ಲ ಎಂದು ಪರೀಕ್ಷೆಯಿಂದ ಖಾತ್ರಿಯಾದ ಮೇಲೆ ಮಕ್ಕಳ ಕಲ್ಯಾಣ ಸಮಿತಿಯವರು ಅವಳಿಗೊಂದು ಮನೆ ಹುಡುಕಲು ಹೇಳಿದರು.

ಸಗರದಲ್ಲಿ ಸಿಕ್ಕಿದ ಮನೆ ಒಕ್ಕಲುತನದ್ದು. ಶಾಂತಮ್ಮ, ಅವಳ ಗಂಡ, ಮತ್ತು ಗಂಡನ ತಾಯಿ. ಆ ಮುದುಕಿಯನ್ನು ಊರೆಲ್ಲ ಆಯಿ ಎನ್ನುತ್ತಿತ್ತು, ನಾವೂ ಹಾಗೇ ಕರೆದೆವು. ಶಾಂತಮ್ಮನ ಗಂಡುಮಕ್ಕಳು ದೊಡ್ಡವರಾಗಿ ಪುಣೆಯ ಕಡೆ ದುಡಿಯಲು ಹೋಗಿದ್ದರು. ಮನೆಗೆ ಹೆಣ್ಣುಮಗು ಬೇಕು ಎಂದು ಪಂಚಾಯಿತಿಯಲ್ಲಿ ಕೇಳಿದ್ದು ಶಾಂತಮ್ಮ. ಪ್ರಶ್ನೆ ಕೇಳುವ ಕೆಲಸವನ್ನೆಲ್ಲ ಮಾಡಿದ್ದು ಮಾತ್ರ ಆಯಿ.

‘ಮಗುವಿಗೆ ಪ್ರತ್ಯೇಕ ಹಾಸಿಗೆ ಇದೆಯಾ ಅಜ್ಜಿ?’ ಎಂದು ಸಾಹೇಬರು ಕೇಳಿದರು.

‘ಬ್ಯಾರೇ ಮಲಗಿಸಾಕ ಆಕಿಗೇನು ರೋಗ ಬಂದಾದೇನ್ರಿ?’ ಎಂದಳು ಆಯಿ.

ಸಾಹೇಬರು ನನ್ನ ಕಡೆ ನೋಡಿ ಮೆಲ್ಲಗೆ, ‘ಇವರಿಗೆ ನಮ್ಮ ಮೇಲೆ ಸಿಟ್ಟೇನು?’ ಎಂದರು. ಬಂದು ವರ್ಷಗಳಾದರೂ ನಮ್ಮ ಕಡೆಯ ಮಾತು ಅವರಿಗೆ ಜಗಳದಂತೆಯೇ ಕೇಳುತ್ತಿತ್ತು. ಸಿಟ್ಟಲ್ಲ ಸರ್, ಹೀಗೇ ಮಾತಾಡುತ್ತಾರೆ ಎಂದೆ. ಆಯಿ ಬಿಡಲಿಲ್ಲ.

‘ಈ ಕೂಸು ನಮಗ ಏನಾಗಬೇಕ್ರಿ ಸಾಹೇಬ್ರ?’

‘ಪೋಷಿತ ಮಗು’ ಎಂದರು ಸಾಹೇಬರು.

‘ಹಂಗಂತ ಒದರಿ ಕರಿಯಾಕ ಬರ್ತದೇನ್ರಿ? ಬಾ ಪೋಷಿತ ಮಗು, ಉಣ್ಣಾಕ ಬಾ ಅಂತ?’ ಶಾಂತಮ್ಮ ಸೆರಗು ಬಾಯಿಗೆ ಒತ್ತಿ ನಕ್ಕಳು. ಆಯಿ ಮುಂದುವರಿಸಿದಳು: ‘ದತ್ತಕ ಅಲ್ಲ ಅಂತೀರಿ. ಬಳಗ ಅಲ್ಲ ಅಂತೀರಿ. ಆಳು ಅಂತೂ ಅಲ್ಲೇ ಅಲ್ಲ. ಮತ್ತ ಏನಾಗಬೇಕು?’

ಸಾಹೇಬರು ಪುಸ್ತಕ ತಿರುವಿದರು. ಹೆತ್ತ ತಾಯಿಯ ಜಾಗವನ್ನು ಬೇರೆಯವರು ಆಕ್ರಮಿಸಬಾರದು ಎಂದಿತ್ತೇ ಹೊರತು, ಏನಾಗಬೇಕು ಎಂಬುದಕ್ಕೆ ಅಲ್ಲಿ ಉತ್ತರವಿರಲಿಲ್ಲ. ನಮ್ಮ ಕಡೆ ದಾರಿಯಲ್ಲಿ ನೀರು ಕೇಳಿದವರೊಂದಿಗೂ ಅವರ ಊರು, ಅವರ ತಾಯಿಯ ಊರು ಎಲ್ಲ ವಿಚಾರಿಸಿ ಯಾವುದಾದರೊಂದು ಸಂಬಂಧ ಹಚ್ಚಿದ ಮೇಲೆಯೇ ನೀರು ಕೊಡುತ್ತಾರೆ. ಸಂಬಂಧವಿಲ್ಲದೆ ಒಂದು ಕೂಸನ್ನು ಒಳಗೆ ಕರೆದುಕೊಳ್ಳುವುದು ಆಯಿಗೆ ಬಟ್ಟೆಯಿಲ್ಲದೆ ನಿಂತಷ್ಟು ಮುಜುಗರದ ಕೆಲಸ. ಆದರೂ ಕರೆದುಕೊಂಡಳು.

ಮೊದಲ ತಿಂಗಳ ಭೇಟಿಗೆ ಹೋದಾಗ ನಾನು ನೋಡಿದ್ದು ಇವತ್ತಿಗೂ ಕಣ್ಣಲ್ಲಿದೆ. ಅಯ್ಯಮ್ಮ ಉಂಡು ಎದ್ದವಳು ತನ್ನ ತಾಟನ್ನು ತಾನೇ ತೊಳೆದು, ಹೊಸ್ತಿಲಾಚೆ ಗೋಡೆಗೆ ಆನಿಸಿ ಇಟ್ಟು ಬಂದಳು. ತಾಯಿಯ ತಾಟು ವನದುರ್ಗದಲ್ಲಿ ಹಾಗೇ ಹೊರಗಿರುತ್ತಿತ್ತಂತೆ. ಆಯಿ ಎದ್ದು ಹೋಗಿ ಅದನ್ನು ತಂದು ಎಲ್ಲರ ತಾಟುಗಳ ನಡುವೆ ಸೇರಿಸಿದಳು. ದಿನಾ ಹೀಗೇ ನಡೆಯುತ್ತದೆ ಎಂದು ಶಾಂತಮ್ಮ ಹೇಳಿದಳು. ಹುಡುಗಿ ಹೊರಗಿಡುವುದು, ಮುದುಕಿ ಒಳಗೆ ತರುವುದು. ಒಬ್ಬರೂ ಒಂದು ಮಾತಾಡುತ್ತಿರಲಿಲ್ಲ. ಒಂದು ದಿನ ಹುಡುಗಿ ಹೊರಗಿಡುವುದನ್ನು ಬಿಟ್ಟಳು.

ಆಮೇಲೆ ಅವಳು ಮಾತಾಡತೊಡಗಿದಳು. ಕಾಲುವೆಯ ನೀರು ಬಿಟ್ಟ ದಿನ ಓಡಿ ಬಂದು ನನಗೇ ಸುದ್ದಿ ಹೇಳಿದಳು. ಶಹಾಪುರದ ಗುಡ್ಡ ದೂರದಿಂದ ಮಲಗಿದ ಬುದ್ಧನ ಹಾಗೆ ಕಾಣುತ್ತದಲ್ಲ, ಅದನ್ನು ತೋರಿಸಿ, ‘ಆತ ಯಾವಾಗ ಏಳ್ತಾನ್ರಿ?’ ಎಂದು ಕೇಳಿದಳು. ಏಳಲ್ಲವ್ವ, ಅವನಿಗೆ ಎದ್ದು ಮಾಡುವ ಕೆಲಸ ಏನೂ ಉಳಿದಿಲ್ಲ ಎಂದೆ. ಅವಳು ಬಹಳ ಹೊತ್ತು ನೋಡಿ, ‘ನಮ್ಮವ್ವನೂ ಹಂಗ ಮಲ್ಕೊಂಡಾಳ’ ಎಂದಳು. ನಾನು ಅವಳ ಹೆಳಲು ಬಿಚ್ಚಿ ಮತ್ತೆ ಹೆಣೆದೆ.

ಶ್ರಾವಣ ಬಂತು. ಪಂಚಮಿ ಕಳೆದ ಮೇಲೆ ಸಗರಕ್ಕೆ ಹೋದರೆ, ಆ ಮನೆಯಲ್ಲಿ ನನಗೆ ಕೂರು ಎನ್ನುವವರಿಲ್ಲ. ಆಯಿ ಗೋಡೆಯ ಕಡೆ ಮುಖ ಮಾಡಿ ದೀಪದ ಬತ್ತಿಗೆ ಹತ್ತಿ ಬಿಡಿಸುತ್ತಿದ್ದಳು. ಏನಾಯಿತು ಆಯಿ ಎಂದೆ.

‘ಏನಾಗೂದ್ರಿ. ಹೆಣ್ಣು ಕೊಟ್ಟು ಹೋದೋರು ಹಬ್ಬಕ್ಕ ಕರಿಯಾಕ ಬರಬೇಕೋ ಬ್ಯಾಡೋ?’

ನನಗೆ ತಿಳಿಯಲಿಲ್ಲ. ಶಾಂತಮ್ಮ ತಗ್ಗಿದ ದನಿಯಲ್ಲಿ ವಿವರಿಸಿದಳು. ಪಂಚಮಿಗೆ ತವರಿನವರು ಬಂದು ಹೆಣ್ಣುಮಕ್ಕಳನ್ನು ಕರೆದೊಯ್ಯುವುದು ಪದ್ಧತಿ. ಈ ಹುಡುಗಿಯನ್ನು ತಂದು ಕೊಟ್ಟದ್ದು ಸರ್ಕಾರ. ಅಂದ ಮೇಲೆ ಇವಳ ತವರು ಸರ್ಕಾರವೇ. ಕರೆಯಲು ಜೀಪು ಬಂದೇ ಬರುತ್ತದೆ ಎಂದು ಆಯಿ ಲೆಕ್ಕ ಹಾಕಿದ್ದಳು. ಹುಡುಗಿಗೆ ಹೊಸ ಲಂಗ ತೊಡಿಸಿ, ಬುತ್ತಿಗೆ ಶೇಂಗಾ ಉಂಡಿ ಕಟ್ಟಿ, ಬೆಳಗಿನಿಂದ ಹೊರಗಿನ ಕಟ್ಟೆಯ ಮೇಲೆ ಕೂಡಿಸಿದ್ದಳು. ಓಣಿಯ ಹೆಣ್ಣುಮಕ್ಕಳು ಜೋಕಾಲಿ ಆಡಲು ಕರೆದರೂ ಅವಳು ಏಳಲಿಲ್ಲ. ‘ನಮ್ಮೋರು ಬರ್ತಾರ’ ಎನ್ನುತ್ತಿದ್ದಳಂತೆ.

ನಾನು ಮೊದಲು ನಕ್ಕೆ. ಜಿಲ್ಲಾ ಕಚೇರಿಯೇ ತವರುಮನೆ, ನಮ್ಮ ಸಾಹೇಬರು ಅಣ್ಣ ಎಂದು ನೆನೆದರೆ ಯಾರಿಗಾದರೂ ನಗು ಬರುತ್ತದೆ. ಆಮೇಲೆ ಒಳಗೆ ನೋಡಿದೆ. ಅಯ್ಯಮ್ಮ ಅದೇ ಹೊಸ ಲಂಗದಲ್ಲಿ ಮಲಗಿದ್ದಳು. ಬಿಚ್ಚಲು ಒಪ್ಪುತ್ತಿಲ್ಲ ಎಂದರು. ನನ್ನ ನಗು ಎಲ್ಲಿ ಹೋಯಿತೋ.

ಯಾದಗಿರಿಗೆ ಹಿಂದಿರುಗುವ ಬಸ್ಸಿನಲ್ಲಿ ಹೊರಗೆ ತೊಗರಿ ಹೊಲ, ಹತ್ತಿ ಹೊಲ ಒಂದರೊಳಗೊಂದು ಕರಗಿ ಹೋಗುತ್ತಿದ್ದವು. ನನಗೆ ಒಂದೇ ಯೋಚನೆ. ‘ನಮ್ಮೋರು’ ಎಂದು ಆ ಹುಡುಗಿ ಯಾರಿಗಾಗಿ ಕಾದಳು? ಮರುದಿನ ಸಾಹೇಬರಿಗೆ ನಡೆದದ್ದು ಹೇಳಿದೆ. ಅವರೂ ನಗಲು ಹೋಗಿ ನಿಂತರು. ನಂತರ ಅವರೇ ದವಾಖಾನೆಗೆ ಫೋನು ಮಾಡಿದರು. ಹಣಮಂತಿಯ ಕಫದಲ್ಲಿ ಈಗ ರೋಗ ಕಾಣಿಸುತ್ತಿಲ್ಲ, ಔಷಧಿ ಇನ್ನೂ ನಡೆಯಬೇಕು, ಮಗುವನ್ನು ಅಂಗಳದಲ್ಲಿ ಭೇಟಿ ಮಾಡಿಸಬಹುದು ಎಂದು ಡಾಕ್ಟರು ಹೇಳಿದರು. ಸಮಿತಿಯ ಪರವಾನಗಿ ಪಡೆದು ನಾನು ಅಯ್ಯಮ್ಮನನ್ನು ಕರೆದೊಯ್ದೆ.

ಬೇವಿನ ಮರದ ಕೆಳಗೆ ಹಣಮಂತಿ ಕೂತಿದ್ದಳು. ಮುಖಕ್ಕೆ ಬಟ್ಟೆ ಕಟ್ಟಿದ್ದರು, ಕಣ್ಣು ಮಾತ್ರ ಕಾಣುತ್ತಿದ್ದವು. ಮೈಯಲ್ಲಿ ಮಾಂಸವೇ ಇರಲಿಲ್ಲ. ಹುಡುಗಿ ನನ್ನ ಹಿಂದೆ ಅಡಗಿ ನಿಂತಳು. ‘ಅಯ್ಯಮ್ಮಾ, ಬಾರವ್ವ’ ಎಂದು ತಾಯಿ ಕೈ ಚಾಚಿದರೆ ಇವಳು ನನ್ನ ಸೀರೆಯನ್ನು ಇನ್ನೂ ಬಿಗಿಯಾಗಿ ಹಿಡಿದಳು. ಹೊರಡುವವರೆಗೂ ಅದನ್ನು ಬಿಡಲಿಲ್ಲ. ಏಳುವ ಹೊತ್ತಿಗೆ ಹಣಮಂತಿ ನನಗೆ ಹೇಳಿದಳು: ‘ಅಕ್ಕೋರ, ಇಷ್ಟು ಗುಳಗಿ ನುಂಗಿದ್ದು ಈಕಿ ಸಲುವಾಗಿ. ಈಕೀನೇ ನನ್ನ ಮರತ್ರ ನಾ ಯಾರಿಗಂತ ಬದುಕಲ್ರಿ?’

ಆ ಮಾತು ನನ್ನನ್ನು ಬಹಳ ದಿನ ಕಾಡಿತು. ಒಂದು ಕಡೆ ತಾಟು ಒಳಗೆ ತಂದ ಮುದುಕಿ, ಇನ್ನೊಂದು ಕಡೆ ಗುಳಿಗೆ ನುಂಗಿ ಸಾವಿನ ಬಾಯಿಂದ ಎದ್ದು ಬಂದ ತಾಯಿ. ಯಾರಿಗೆ ಸಿಕ್ಕರೂ ಇನ್ನೊಬ್ಬರ ಹೊಟ್ಟೆ ಉರಿಯುತ್ತದೆ. ಈ ಕೆಲಸದಲ್ಲಿ ಕೆಟ್ಟವರ ನಡುವೆ ನ್ಯಾಯ ಮಾಡುವುದು ಸುಲಭ, ಒಳ್ಳೆಯವರ ನಡುವೆ ಕಷ್ಟ. ಭೇಟಿಗಳನ್ನು ನಿಲ್ಲಿಸಬೇಡಿ ಎಂದು ಪುಸ್ತಕದಲ್ಲಿತ್ತು, ನಿಲ್ಲಿಸಲಿಲ್ಲ. ಅಯ್ಯಮ್ಮ ತಾಯಿಯ ಪಕ್ಕದಲ್ಲಿ ಕೂರುವಷ್ಟಕ್ಕೆ ಬಂದಳು. ಆದರೆ ಅವಳನ್ನು ಅವ್ವ ಎನ್ನಲಿಲ್ಲ, ಏನೂ ಎನ್ನಲಿಲ್ಲ.

ಹಣಮಂತಿ ಪೂರ್ತಿ ಗುಣವಾಗಿ ವನದುರ್ಗಕ್ಕೆ ಮರಳಿದಳು. ಶಾಲೆಯ ಬಿಸಿಯೂಟದ ಅಡುಗೆಯಲ್ಲಿ ಕೆಲಸವೂ ಸಿಕ್ಕಿತು. ಸಮಿತಿಯ ಮುಂದೆ ಎಲ್ಲರನ್ನೂ ಕರೆಸಿದರು. ಮಗುವನ್ನು ಕೇಳದೆ ತೀರ್ಮಾನ ಮಾಡಬಾರದಲ್ಲ, ಅಧ್ಯಕ್ಷೆ ಅಯ್ಯಮ್ಮನನ್ನು ಹತ್ತಿರ ಕೂರಿಸಿಕೊಂಡು ಕೇಳಿದರು. ‘ಆಯಿ ಕಡಿ ಇರ್ತೀನ್ರಿ’ ಎಂದಳು ಹುಡುಗಿ. ಹಣಮಂತಿ ನೆಲ ನೋಡುತ್ತ ಕೂತಳು. ಆಗ ಆಯಿ ಎದ್ದು ನಿಂತಳು. ಸಾಹೇಬರು ಜಗಳ ಶುರುವಾಯಿತೆಂದು ಕುರ್ಚಿಯ ತುದಿಗೆ ಬಂದರು.

‘ಹಡದಾಕಿ ಜೀವಂತ ಇರೂ ಮುಂದ ನಾ ಇಟ್ಕೊಂಡ್ರ ಆ ಪಾಪ ಯಾರಿಗ್ರಿ?’ ಎಂದಳು ಆಯಿ. ‘ಕಳಸ್ತೀನಿ. ಆದ್ರ ಇಲ್ಲಿಂದ, ಕಚೇರಿಯಿಂದ ಕಳಸೂದಿಲ್ಲ. ಆಕಿ ನಮ್ಮ ಮನಿಗೆ ಬರ್ಲಿ. ಬಂದು ಕರಕೊಂಡು ಹೋಗ್ಲಿ.’

ನಮ್ಮ ಕಚೇರಿಯಲ್ಲಿ ಮಗುವನ್ನು ಒಪ್ಪಿಸುವುದು ಸಮಿತಿಯ ಎದುರಿಗೇ, ಸಹಿ ಹಾಕಿಸಿಕೊಂಡು. ಅದು ರೂಢಿ. ಸಹಿ ಇಲ್ಲೇ ಆಗಲಿ, ಕಳಿಸಿಕೊಡುವುದು ಅಲ್ಲಿ ಆಗಲಿ, ನಮ್ಮವರೊಬ್ಬರು ಜೊತೆಗಿರಲಿ ಎಂದರು ಅಧ್ಯಕ್ಷೆ. ಜೊತೆಗಿರುವ ಪಾಳಿ ನನ್ನದಾಯಿತು.

ಹೋಗುವ ದಿನ ಸಗರದಲ್ಲಿ ಹೊಗೆಯಂಥ ಮಂಜು. ಅದು ಚಳಿಗಾಲ, ಜೋಳ ಎದೆಮಟ್ಟ ಬೆಳೆದಿತ್ತು. ಜೀಪು ಊರ ಮುಂದೆ ನಿಂತಾಗ ಮನೆಗಳು ಅರ್ಧ ಕಾಣುತ್ತಿದ್ದವು, ಅರ್ಧ ಇಲ್ಲ. ಈಗಲೂ ಮಧ್ಯಾಹ್ನದ ಮಂಪರಿನಲ್ಲಿ ಆ ಓಣಿ ನನಗೆ ಹಾಗೇ ಬರುತ್ತದೆ, ಗೋಡೆಗಳಿಲ್ಲದೆ, ಬರೀ ಬಾಗಿಲುಗಳು. ಹಣಮಂತಿ ನನ್ನ ಹಿಂದೆ ಹಿಂದೆ ಬಂದಳು. ಹೊಸ್ತಿಲ ಹೊರಗೇ ನಿಂತಳು. ರೋಗದ ದಿನಗಳ ಅಭ್ಯಾಸ, ಯಾರ ಮನೆಗೂ ಒಳಗೆ ಹೋಗುತ್ತಿರಲಿಲ್ಲ.

‘ಒಳಗ ಬಾರವ್ವ’ ಎಂದಳು ಆಯಿ. ಒಳಗೆ ಕಂಬಳಿ ಹಾಸಿತ್ತು. ಪಕ್ಕದಲ್ಲಿ ಮರದ ತುಂಬ ಜೋಳ, ಬೆಲ್ಲ, ಕೊಬ್ಬರಿ ಬಟ್ಟಲು, ಉತ್ತತ್ತಿ, ಒಂದು ಹಸಿರು ಕುಪ್ಪಸದ ಖಣ. ಮೊರವನ್ನು ನಾವು ಮರ ಎನ್ನುತ್ತೇವೆ. ಹುಡುಗಿಯನ್ನು ಕಳಿಸುವಾಗ ಏನೋ ಕೊಡುತ್ತಾರೆ ಎಂದುಕೊಂಡೆ. ಆಯಿ ಹಣಮಂತಿಯ ಕೈ ಹಿಡಿದು ಕಂಬಳಿಯ ಮೇಲೆ ಕೂಡಿಸಿ, ‘ಸೆರಗು ಒಡ್ಡು’ ಎಂದಳು.

ಹಣಮಂತಿ ಬೆಚ್ಚಿದಳು. ‘ನನಗ್ಯಾಕ್ರಿ? ನಾ ಮುಂಡೆ ಅದೀನ್ರಿ ಆಯಿ, ನನಗ ಉಡಿ ತುಂಬಬಾರದ್ರಿ.’

ಬಾಗಿಲಲ್ಲಿ ಸೇರಿದ್ದ ಓಣಿಯ ಹೆಂಗಸರೂ ಗುಸುಗುಸು ಎಂದರು. ತವರಿನಿಂದ ಹೊರಡುವ ಮಗಳಿಗೆ ಉಡಿ, ಅಂದರೆ ಮಡಿಲು, ತುಂಬುವುದುಂಟು, ಗಂಡ ಸತ್ತವಳಿಗೆ ಯಾರೂ ತುಂಬುವುದಿಲ್ಲ. ತುಂಬುವ ಆಯಿಯೂ ಗಂಡನಿಲ್ಲದವಳೇ.

‘ಕುಂಕುಮ ಬ್ಯಾಡಂದ್ರ ಬಿಡ್ತೀನಿ’ ಎಂದಳು ಆಯಿ, ಬಾಗಿಲ ಕಡೆಗೂ ಕೇಳುವಂತೆ. ‘ಜ್ವಾಳಕ್ಕ, ಬೆಲ್ಲಕ್ಕ ಗಂಡ ಸತ್ತಾನೇನು? ಸರ್ಕಾರದ ಪುಸ್ತಕದಾಗ ಈ ಕೂಸು ನಮಗ ಏನೂ ಆಗೂದಿಲ್ಲಂತ. ನೀ ನನ್ನ ಮಗಳಾದ್ರ ಆಕಿ ಮಮ್ಮಗಳಾಗ್ತಾಳ. ಆಗ ನನ್ನ ಯಾರೂ ಕೇಳಂಗಿಲ್ಲ. ನಿನಗ ತವರಿಲ್ಲ, ನನಗ ಮಗಳಿಲ್ಲ. ಒಡ್ಡು ಸೆರಗು.’

ಹಣಮಂತಿ ಅಳುತ್ತಲೇ ಸೆರಗು ಒಡ್ಡಿದಳು. ಶಾಂತಮ್ಮ ಮರ ಹಿಡಿದಳು. ಪದ್ಧತಿಗೆ ಐದು ಬೊಗಸೆ ಸಾಕು, ಆಯಿ ನಿಲ್ಲಿಸಲೇ ಇಲ್ಲ. ತುಂಬಿಯೇ ತುಂಬಿದಳು, ಮರ ಬರಿದಾಗುವವರೆಗೆ. ಬಾಗಿಲಲ್ಲಿ ಗುಸುಗುಸು ನಿಂತಿತ್ತು. ನಾನು ಸರ್ಕಾರದ ಪ್ರತಿನಿಧಿಯಾಗಿ ಅಲ್ಲಿದ್ದವಳು, ಗೋಡೆಯ ಕಡೆ ತಿರುಗಿ ಮನಸಾರೆ ಅತ್ತೆ. ಅಯ್ಯಮ್ಮ ಕಂಬಕ್ಕೆ ಒರಗಿ ಎಲ್ಲವನ್ನೂ ನೋಡುತ್ತಿದ್ದಳು, ಆಯಿಯ ಮುಖ ಒಮ್ಮೆ, ತಾಯಿಯ ಮುಖ ಒಮ್ಮೆ.

ಹಣಮಂತಿ ಆಯಿಯ ಕಾಲಿಗೆರಗಿ ಎದ್ದಳು. ದವಾಖಾನೆಯಲ್ಲಿ ಸವೆದ ಮೈ, ಆ ಭಾರಕ್ಕೆ ತೋಳು ನಡುಗಿದವು. ಹೊಸ್ತಿಲು ದಾಟುವಾಗ ಸೆರಗಿನ ಒಂದು ಮೂಲೆ ಜಾರಿ ಜೋಳ ನೆಲಕ್ಕೆ ಸುರಿಯತೊಡಗಿತು. ನಾನು ಹಿಡಿಯಲು ಮುಂದಾದೆ, ಆಯಿ ನನ್ನ ರಟ್ಟೆ ಹಿಡಿದು ನಿಲ್ಲಿಸಿದಳು. ಕಂಬದ ಹತ್ತಿರದಿಂದ ಅಯ್ಯಮ್ಮ ಓಡಿ ಬಂದಳು. ಎರಡೂ ಕೈಯಿಂದ ಆ ಮೂಲೆಯನ್ನು ಎತ್ತಿ ಹಿಡಿದು, ತಾಯಿಯ ಮುಖ ನೋಡಿ ಗದರಿದಳು:

‘ಯವ್ವಾ, ಸರಿಯಾಗಿ ಹಿಡಿ. ಚಲ್ಲಾಕತ್ತಾವ ನೋಡು.’